ಮೈಕೆಲೆಂಜೆಲೊನ ಹೆಬ್ಬೆರಳು, ಅಪ್ಪನ ರಬ್ಬರು

ನಿನ್ನೆ ಬೆಳಿಗ್ಗೆ ಎದ್ದು ಊಟದ ಟೇಬಲ್ ಹತ್ತಿರ ಹೋಗಿ ನೋಡ್ತೀನಿ, ಹೆಬ್ಬೆರಳು ಮಾಯ. ಒಂದಲ್ಲ, ಎರಡು. ಅವು ಇದ್ದ ಜಾಗದಲ್ಲಿ ಕುಂಕುಮ ಒರೆಸಿದ ಹಾಗೆ ಗುಲಾಬಿ ಬಣ್ಣದ ಕಲೆ. ಪಕ್ಕದಲ್ಲಿ ಹುಳದ ಥರ ಸುರುಳಿ ಸುತ್ತಿಕೊಂಡ ರಬ್ಬರಿನ ಪುಡಿ. ಹನ್ನೊಂದು ದಿನ ಸೊಂಟ ಮುರಿದುಕೊಂಡು ಬರೆದ ಚಿತ್ರ ಸ್ವಾಮಿ ಅದು.

"ಅಪ್ಪಾ, ಇದನ್ನ ಯಾರು ಮುಟ್ಟಿದ್ದು?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನಾನೇ. ಕಾಲಿನ ಹೆಬ್ಬೆರಳು ಅಲ್ಲೊಂದು ಇಲ್ಲೊಂದು ಬಿದ್ದಿತ್ತು. ಕ್ಲೀನ್ ಮಾಡಿದೆ."

ಅವು ಬಿದ್ದಿದ್ದ ಬೆರಳುಗಳಲ್ಲ. ಮೈಕೆಲೆಂಜೆಲೊ ಬೇಕೂಂತಲೇ ಬರೆದ ಬೆರಳುಗಳು. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲಿ ಲಿಬಿಯಾದ ಸಿಬಿಲ್ ಅಂತ ಒಬ್ಬ ಕಣಿ ಹೇಳುವಾಕೆ ಇದ್ದಾಳೆ. ನಮಗೆ ಬೆನ್ನು ತೋರಿಸಿಕೊಂಡು, ಒಂದು ದೊಡ್ಡ ಪುಸ್ತಕ ಹಿಡಿದು, ತುದಿಬೆರಳ ಮೇಲೆ ಭಾರ ಹಾಕಿ ತಿರುಗ್ತಾ ಇದ್ದಾಳೆ. ಅವಳನ್ನು ಚಾವಣಿಗೆ ಏರಿಸೋ ಮುಂಚೆ, ಸುಮಾರು 1510-11ರಲ್ಲಿ, ಆತ ಕೆಂಪು ಚಾಕ್‌ನಲ್ಲಿ ಒಂದು ಹಾಳೆ ತುಂಬ ಅಭ್ಯಾಸ ಮಾಡಿದ. ಮಧ್ಯದಲ್ಲಿ ಬೆನ್ನು, ಕೆಳಗೆ ಮುಖ ಇನ್ನೊಮ್ಮೆ, ಕೈ ಇನ್ನೊಮ್ಮೆ, ಕಾಲಿನ ಬೆರಳು ಮತ್ತೆ ಮತ್ತೆ. ನಾನು ನಕಲು ಮಾಡ್ತಾ ಇದ್ದಿದ್ದು ಆ ಹಾಳೆಯನ್ನೇ. ಮೈಭಾರವೆಲ್ಲ ಹೆಬ್ಬೆರಳ ಮೇಲೆ ಬಿದ್ದಾಗ ಅದು ಹೇಗೆ ಒತ್ತಿಕೊಳ್ಳುತ್ತೆ ಅನ್ನೋದು ಅವನಿಗೂ ಒಂದೇ ಏಟಿಗೆ ಸಿಗಲಿಲ್ಲ ಅಂತ ಕಾಣುತ್ತೆ. ನನಗಂತೂ ಇಡೀ ಚಿತ್ರದಲ್ಲಿ ಇಷ್ಟವಾಗಿದ್ದೇ ಆ ಬೆರಳುಗಳು. ಹಾಳೆ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 1924ರಲ್ಲಿ ಕೊಂಡುಕೊಂಡರು. ಅವತ್ತಿನಿಂದ ಇವತ್ತಿನವರೆಗೆ ಅಲ್ಲಿ ಯಾರಿಗೂ ಅದನ್ನ ಕ್ಲೀನ್ ಮಾಡಬೇಕು ಅನ್ನಿಸಿಲ್ಲ.

ಈ ಹುಚ್ಚು ಹಿಡಿದಿದ್ದು ಹೇಗೆ ಅಂದ್ರೆ, ಮನುಷ್ಯರ ಚಿತ್ರ ಬರೆಯೋದು ಕಲಿಯಬೇಕು ಅಂತ ನಲವತ್ತಾರನೇ ವಯಸ್ಸಿನಲ್ಲಿ ಆಸೆ ಹುಟ್ಟಿತು. ಎದುರಿಗೆ ಕೂರಿಸಿಕೊಂಡು ಬರೆಯೋಣ ಅಂದ್ರೆ ನಮ್ಮ ಮನೆಯಲ್ಲಿ ನೆಟ್ಟಗೆ ಕೂರೋದು ಫ್ರಿಜ್ ಒಂದೇ. ಹಳೆಯ ಮಹಾನುಭಾವರ ರೇಖಾಚಿತ್ರ ನೋಡಿ ನಕಲು ಮಾಡೋದು ಅದಕ್ಕಿಂತ ವಾಸಿ ಅನ್ನಿಸಿತು. ಡೇಗಾ ಲೂವ್ರ್‌ನಲ್ಲಿ ಕೂತು ನಕಲು ಮಾಡಿದ, ರೂಬೆನ್ಸ್ ಇಟಲಿ ಸುತ್ತಿ ನಕಲು ಮಾಡಿದ, ವ್ಯಾನ್ ಗೋ ಬಾರ್ಗ್ ಅನ್ನೋನ ಡ್ರಾಯಿಂಗ್ ಪಾಠದ ಹಾಳೆಗಳನ್ನ ಒಂದೇ ಸಮನೆ ನಕಲು ಮಾಡಿದ. ಶಾಲೆಯಲ್ಲಿ ಕಾಪಿ ಹೊಡೆದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು, ಇಲ್ಲಿ ಅದೇ ಪಾಠ. ದುಡ್ಡೂ ಬೇಕಿಲ್ಲ. ಆ ಮೆಟ್ರೊಪಾಲಿಟನ್ ಮ್ಯೂಸಿಯಂನವರು 2017ರಿಂದ ಇಂಥ ಹಳೆಯ ಚಿತ್ರಗಳನ್ನ ದೊಡ್ಡ ಸೈಜಿನಲ್ಲಿ ಬಿಟ್ಟಿ ಇಳಿಸಿಕೊಳ್ಳೋಕೆ ಬಿಟ್ಟಿದ್ದಾರೆ. ಸಿಬಿಲ್‌ಳ ಮೂಲ ಹಾಳೆ ಹೆಚ್ಚುಕಡಿಮೆ ನಮ್ಮ ಎ4 ಅಷ್ಟೇ ಇದೆ. ಪ್ರಿಂಟ್ ತೆಗೆಸಿದರೆ ಆಯ್ತು.

ಆಗಲಿಲ್ಲ. ಜೆರಾಕ್ಸ್ ಅಂಗಡಿಯ ಹುಡುಗ ಸ್ಕ್ರೀನ್ ನೋಡಿದ. ನನ್ನನ್ನ ನೋಡಿದ. ಮತ್ತೆ ಸ್ಕ್ರೀನ್ ನೋಡಿದ. ನನ್ನ ಹಿಂದೆ ಆಧಾರ್ ಕಾರ್ಡ್ ಹಿಡಿದು ನಿಂತಿದ್ದ ಹಿರಿಯರು ಕನ್ನಡಕ ಸರಿ ಮಾಡಿಕೊಂಡರು. "ಕಲರ್ರಾ, ಬ್ಲ್ಯಾಕ್ ಅಂಡ್ ವೈಟಾ ಮೇಡಂ?" ಅಂತ ಪಿಸುದನಿಯಲ್ಲಿ ಕೇಳಿ, ಪ್ರಿಂಟ್ ಬಂದಿದ್ದೇ ತಡ ಮೆಡಿಕಲ್ ಸ್ಟೋರ್‌ನವರು ಕೊಡ್ತಾರಲ್ಲ, ಹಾಗೆ ಪೇಪರಿನಲ್ಲಿ ಸುತ್ತಿ, ಬಲವಾಗಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ. ಬರೀ ಬೆನ್ನು ಕಣಪ್ಪಾ ಅದು!

ಮೊದಮೊದಲು ಲಿಯೊನಾರ್ಡೊ ಹಿಡಿದೆ. ಅವನು ಎಡಚ. ನೆರಳಿಗೆ ಎಳೆದ ಗೆರೆಗಳೆಲ್ಲ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಬೀಳುತ್ತವೆ. ನನ್ನ ಬಲಗೈ ಆ ಕಡೆ ಓಡಲ್ಲ ಅಂತ ಹಟ ಹಿಡಿಯಿತು. ಹಾಳೆ ತಿರುಗಿಸಿದೆ, ಆಮೇಲೆ ನಾನೇ ತಿರುಗಿದೆ, ಕಾಫಿ ಲೋಟ ಉರುಳಿತು. ಆಮೇಲೆ ಡ್ಯೂರರ್ 1508ರಲ್ಲಿ ನೀಲಿ ಕಾಗದದ ಮೇಲೆ ಬರೆದ ಮುಗಿದ ಕೈಗಳು. ಅದನ್ನ ನೋಡಿದ ಕೆಳಗಿನ ಮನೆಯವರು "ಗಣೇಶನ ಹಬ್ಬದ ಕರಪತ್ರಕ್ಕೆ ಹಾಕಿಕೊಳ್ಳಲಾ, ಬೆರಳು ಸ್ವಲ್ಪ ಸಣ್ಣ ಮಾಡಿ" ಅಂದರು.

ಇಷ್ಟೂ ದಿನ ಅಪ್ಪ ತುಟಿ ಬಿಚ್ಚಿರಲಿಲ್ಲ. ಯಾಕಂದ್ರೆ ಅವರಿಗೆ ಕಾಣ್ತಾ ಇರಲಿಲ್ಲ. ಮೈಸೂರಿನಿಂದ ನಮ್ಮ ಮನೆಗೆ ಬಂದಿದ್ದೇ ಕಣ್ಣಿನ ಪೊರೆ ತೆಗೆಸೋಕೆ. ಎರಡೂ ಕಣ್ಣಿನ ಆಪರೇಷನ್ ಆಯ್ತು, ಕಪ್ಪು ಕನ್ನಡಕ ತೆಗೆದರು, ಅಲ್ಲಿಂದ ಶುರು ನೋಡಿ. ಫ್ಯಾನಿನ ರೆಕ್ಕೆ ಮೇಲಿನ ಧೂಳು ಕಂಡಿತು. ಸೋಫಾ ಕೆಳಗಿನ ಕಡಲೆಬೀಜ ಕಂಡಿತು. ನನ್ನ ತಲೆಯ ಬಿಳಿ ಕೂದಲು ಕಂಡಿತು, ಅದನ್ನ ಅಳಿಯನ ಮುಂದೆ ಹೇಳಿದ್ದೂ ಆಯ್ತು. ಕೊನೆಗೆ ನನ್ನ ಡ್ರಾಯಿಂಗ್ ಹಾಳೆ ಕಂಡಿತು.

ಅಪ್ಪ ಇಂಜಿನಿಯರಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಜೀವನವಿಡೀ ಕಾಲುವೆ ಬರೆದವರಿಗೆ ಕಾಲಿನ ವಿಷಯ ನಾನೇನು ಹೇಳೋದು. ಬೆಳಿಗ್ಗೆ ತಿಂಡಿ ಆದ ತಕ್ಷಣ ಉಕ್ಕಿನ ಸ್ಕೇಲ್ ಹಿಡಿದು ಬರ್ತಾರೆ. ಮಾಡೋದಕ್ಕೆ ಇಟ್ಟಿರೋ ಹೆಸರು 'ಚೆಕಿಂಗ್'. ಒಂದ್ಸಲ ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ, ಹಳೇ ರೋಮ್‌ನ ವಾಸ್ತುಶಿಲ್ಪಿ ವಿಟ್ರೂವಿಯಸ್ ಲೆಕ್ಕದಲ್ಲಿ ಗಲ್ಲದಿಂದ ನೆತ್ತಿವರೆಗಿನ ತಲೆ ಇಡೀ ಎತ್ತರದ ಎಂಟನೇ ಒಂದು ಭಾಗ, ಲಿಯೊನಾರ್ಡೊ ಸುಮಾರು 1490ರಲ್ಲಿ ವೃತ್ತದೊಳಗೆ ಕೈ ಚಾಚಿ ನಿಲ್ಲಿಸಿದ ಆ ಗಂಡಸಿಗೂ ಅದೇ ಅಳತೆ ಅಂತ. ಸಾಕಾಯ್ತು. ಅವತ್ತಿನಿಂದ ನಾನು ಬರೆದ ಪ್ರತಿಯೊಬ್ಬನ ತಲೆಯನ್ನೂ ಡಿವೈಡರ್‌ನಲ್ಲಿ ಹಿಡಿದು ಎದೆ, ಹೊಟ್ಟೆ, ತೊಡೆ ಅಂತ ಹೆಜ್ಜೆ ಹಾಕಿಸ್ಕೊಂಡು ಇಳೀತಾರೆ. "ಆರೂವರೆ. ಇವನು ಫೇಲ್." "ಏಳು. ಇವನು ಪರ್ವಾಗಿಲ್ಲ, ಮೊಣಕಾಲು ಎಲ್ಲಿದೆ?" ಪಕ್ಕದಲ್ಲಿ ಸಣ್ಣ ಬಾಣದ ಗುರುತು ಹಾಕಿ ಮಿಲಿಮೀಟರ್ ಬರೀತಾರೆ, ಪೆನ್ಸಿಲ್‌ನಲ್ಲೇ, ಮುತ್ತಿನಂಥ ಅಕ್ಷರ. ನನ್ನ ಚಿತ್ರದಲ್ಲಿ ನೋಡೋಕೆ ಚೆನ್ನಾಗಿರೋದು ಅದೊಂದೇ ಅನ್ನೋದು ಹೊಟ್ಟೆ ಉರಿಯೋ ವಿಷಯ.

ಸಿಬಿಲ್ ಬಂದಾಗ ಚೆಕಿಂಗ್ ಎರಡು ದಿನ ನಡೀತು.

"ಯಾರಿವನು?"

"ಇವನಲ್ಲಪ್ಪ, ಇವಳು."

"ಈ ಬೆನ್ನಾ? ಅಕ್ಕಿ ಮೂಟೆ ಹೊರೋನ ಬೆನ್ನಿದು."

ಮೈಕೆಲೆಂಜೆಲೊ ಎದುರಿಗೆ ನಿಲ್ಲಿಸಿಕೊಂಡಿದ್ದು ಹುಡುಗನನ್ನ, ಆಮೇಲೆ ಚಾವಣಿಯಲ್ಲಿ ಬಟ್ಟೆ ಉಡಿಸಿ ಹೆಂಗಸು ಮಾಡಿದ ಅಂದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಎಸ್ಟಿಮೇಟ್ ಒಂದು, ಕಟ್ಟಿದ್ದು ಇನ್ನೊಂದು. ಆಗಲೂ ಹೀಗೇ ನಡೀತಿತ್ತು ಅನ್ನು" ಅಂದರು. ಸಂಜೆ ಮನೆಗೆ ಯಾರೋ ಬಂದಾಗ ನೋಡಿದರೆ ಸಿಬಿಲ್ ಮೇಲೆ ಟೇಬಲ್ ಮ್ಯಾಟ್ ಮುಚ್ಚಿತ್ತು, ಅದರ ಮೇಲೆ ಉಪ್ಪಿನಕಾಯಿ ಬಾಟಲಿ.

ಅದನ್ನೂ ಸಹಿಸಿಕೊಂಡೆ. ಆದರೆ ಹೆಬ್ಬೆರಳು!

"ಡ್ರಾಯಿಂಗ್‌ನಲ್ಲಿ ಒಂದು ಗೆರೆ ಜಾಸ್ತಿ ಇದ್ರೆ ಸೈಟಿನಲ್ಲಿ ಒಂದು ಗೋಡೆ ಜಾಸ್ತಿ ಎದ್ದು ನಿಲ್ಲುತ್ತೆ ಕಣೇ ಪುಟ್ಟಿ" ಅಂದರು ಅಪ್ಪ, ಪಶ್ಚಾತ್ತಾಪದ ಸುಳಿವೂ ಇಲ್ಲ. ಇದು ಸೈಟ್ ಅಲ್ಲ, ಯಾರೂ ಇವಳನ್ನ ಕಟ್ಟಲ್ಲ ಅಂತ ಕೂಗಾಡಿದೆ. ಆ ಕೋಪದಲ್ಲೇ ಇನ್ನೊಂದು ತಪ್ಪು ಮಾಡಿದೆ. ಇಂಥ ಅಭ್ಯಾಸದ ಹಾಳೆಗಳು ಉಳಿದಿರೋದೇ ಪುಣ್ಯ, ಮೈಕೆಲೆಂಜೆಲೊ 1564ರಲ್ಲಿ ಸಾಯೋ ಮುಂಚೆ ತಾನು ಪಟ್ಟ ಪಾಡು ಯಾರ ಕಣ್ಣಿಗೂ ಬೀಳಬಾರದು ಅಂತ ಎಷ್ಟೋ ಚಿತ್ರಗಳನ್ನ ಸುಟ್ಟು ಹಾಕಿದನಂತೆ, ಅವನ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ ಅಂದೆ.

ಅಪ್ಪನ ಮುಖ ಅರಳಿತು. "ನೋಡಿದ್ಯಾ? ಅವನಿಗೇ ಬೇಡವಾಗಿತ್ತು. ನಾನು ಬರೀ ಎರಡು ಬೆರಳು ತೆಗೆದಿದ್ದು."

ರಬ್ಬರ್ ಬರೋಕೆ ಮುಂಚೆ ಚಿತ್ರಗಾರರು ಬ್ರೆಡ್ಡಿನ ಚೂರಿನಲ್ಲಿ ಅಳಿಸ್ತಾ ಇದ್ದರು. ಅದನ್ನ ಮಾತ್ರ ಹೇಳಲಿಲ್ಲ. ಹೇಳಿದ್ರೆ ತಿಂಡಿ ತಿನ್ನುತ್ತಾ ತಿನ್ನುತ್ತಾ ತಲೆಯನ್ನೂ ಅಳಿಸಿಬಿಡ್ತಿದ್ರು.

ರಾತ್ರಿ ಮಾತುಕತೆ ಇಲ್ಲದೆ ಊಟ ಆಯ್ತು. ಮಜ್ಜಿಗೆ ಹೊತ್ತಿಗೆ ಅಪ್ಪ ಸುಮ್ನೆ ತಮ್ಮಷ್ಟಕ್ಕೆ ಹೇಳ್ತಾ ಇದ್ದರು. ಕೆಲಸಕ್ಕೆ ಸೇರಿದಾಗ ಅವರು ಟ್ರೇಸರ್. ಎರಡು ವರ್ಷ ಸ್ವಂತದ್ದು ಅಂತ ಒಂದು ಗೆರೆ ಎಳೆಯೋ ಹಾಗಿರಲಿಲ್ಲ. ದೊಡ್ಡವರು ಬರೆದ ಮೋರಿ, ಸೇತುವೆಗಳ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಇಂಕಿನಲ್ಲಿ ತಿದ್ದೋದು. ತಪ್ಪಾದರೆ ಅರ್ಧ ಬ್ಲೇಡ್ ಹಿಡಿದು ಕಾಗದ ತೂತಾಗದ ಹಾಗೆ ಕೆರೆಯೋದು. "ಕೆರೆಯೋದರಲ್ಲಿ ಆಫೀಸಿಗೇ ನನ್ನ ಕೈ ಫೇಮಸ್ಸು" ಅಂದರು. ನನಗೆ ನಕ್ಷೆಗಳ ಪ್ರತಿ ತೆಗೆಯೋ ಅಮೋನಿಯಾ ಪ್ರಿಂಟಿನ ಆ ಘಾಟು ವಾಸನೆ ಮೂಗಿಗೆ ಬಂದ ಹಾಗಾಯ್ತು. ಅಪ್ಪ ಸಂಜೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಇಡೀ ರೂಮಿಗೆ ಅದೇ ವಾಸನೆ. ರದ್ದಿ ಪ್ರಿಂಟುಗಳನ್ನ ನನಗೇ ಅಂತ ತರ್ತಾ ಇದ್ದರು, ಅದರ ಹಿಂದೆ ನಾನು ಮನೆ, ಸೂರ್ಯ, ಎರಡು ತೆಂಗಿನಮರ ಬರೀತಿದ್ದೆ. ಆಗ ಯಾವತ್ತೂ ಚೆಕಿಂಗ್ ಮಾಡಿದ್ದು ನೆನಪಿಲ್ಲ. ಸೂರ್ಯ ತೆಂಗಿನಮರಕ್ಕಿಂತ ಕೆಳಗಿದ್ರೂ ಪಾಸ್. ಈಗ ಲೋಟ ಇಡುವಾಗ ಅವರ ಕೈ ಸ್ವಲ್ಪ ನಡುಗುತ್ತೆ. ಅದು ನನಗೆ ಕಂಡಿದ್ದು ಅವರಿಗೆ ಗೊತ್ತಾಗಿ, ಲೋಟ ಬೇಗ ಬಿಟ್ಟುಬಿಟ್ಟರು.

ಇವತ್ತು ಸಂಜೆ ಹೊಸ ಹಾಳೆ ಹಾಕಿ ಕೂತೆ. ಅಪ್ಪ ಅಡುಗೆಮನೆಯ ಸ್ಟೂಲ್ ಎಳ್ಕೊಂಡು ಬಂದು ಎದುರಿಗೆ ಕೂತು, ಪಂಚೆ ಸ್ವಲ್ಪ ಎತ್ತಿ, ಎಡಗಾಲು ಮುಂದೆ ಚಾಚಿದರು. "ಅವನದ್ದು ಯಾಕೆ, ಇದನ್ನ ನೋಡಿ ಬರಿ. ಎಷ್ಟು ಸಲ ಬೇಕಾದ್ರೂ ಬರಿ, ಅಳಿಸಲ್ಲ."

ಬರೆದೆ. ಯಾವಾಗಲೋ ಕಲ್ಲು ಎಡವಿ ಸೀಳಿದ ಉಗುರು, ಬೆರಳಿನ ಪಕ್ಕ ಚಪ್ಪಲಿ ಪಟ್ಟಿ ಉಜ್ಜಿ ಕಪ್ಪಾದ ಗಂಟು, ಹಿಮ್ಮಡಿ ತುಂಬ ಬಿರುಕು. ಒಂದು ಸೊಳ್ಳೆ ಬಂತು, ಕಾಲು ಜಾಗ ಬಿಟ್ಟಿತು. ಫೋನ್ ಬಂತು, ಕಾಲು ಎದ್ದು ಹಾಲಿಗೆ ಹೋಗಿ ಬಂತು. ಇಪ್ಪತ್ತು ನಿಮಿಷದಲ್ಲಿ ಒಂದೇ ಕಾಗದದ ಮೇಲೆ ನಾಲ್ಕು ಹೆಬ್ಬೆರಳು, ಒಂದೊಂದೂ ಒಂದೊಂದು ದಿಕ್ಕಿಗೆ.

ಅಪ್ಪ ಬಗ್ಗಿ ನೋಡಿದರು. ಸ್ಕೇಲ್ ಕೇಳಲಿಲ್ಲ. ಬಹಳ ಹೊತ್ತು ನೋಡಿ, "ಛೆ, ಉಗುರು ಇಷ್ಟು ಬೆಳೆದಿದೆಯಾ? ಇರು, ತೆಗೆದುಕೊಂಡು ಬಂದುಬಿಡ್ತೀನಿ, ಆಮೇಲೆ ನೀಟಾಗಿ ಬರಿ" ಅಂತ ಎದ್ದರು. ಬಾಗಿಲವರೆಗೂ ಹೋದವರು ನಿಂತರು.

"ಇವತ್ತು ಶುಕ್ರವಾರ ಅಲ್ವಾ? ಉಗುರು ತೆಗೀಬಾರದು."

"ನಾಳೆ ಬರೀತೀನಿ ಬಿಡಿ ಅಪ್ಪ."

"ನಾಳೆ ಶನಿವಾರ ಕಣೇ," ಅಂದರು. "ಭಾನುವಾರ ನೋಡೋಣ."