ಮುಚ್ಚಳ ತೆಗೆಯಬೇಡಿ ಮಾಸ್ತರೇ

ಇವತ್ತು ಬೆಳಿಗ್ಗೆಯೂ ಬಚ್ಚಲ ಬಾಗಿಲ ಸಂದಿಯಿಂದ ಕೈ ಚಾಚಿದರೆ ಸಿಕ್ಕಿದ್ದು ಹಳೇ ಪಾಣಿಪಂಚೆ. ಜೊತೆಗೆ ಹೆಂಡತಿಯ ಮಾತು: "ಟವೆಲು ಬೇಕಾದ್ರೆ ನಿಮ್ಮ ಗರುಡನ್ನ ಕೇಳಿ." ಹನ್ನೊಂದು ದಿನವಾಯಿತು. ಕಾರವಾರದ ಈ ಸೆಕೆಯಲ್ಲಿ ಪಾಣಿಪಂಚೆಯಿಂದ ಬೆನ್ನು ಒರೆಸುವಷ್ಟರಲ್ಲಿ ಹೊಟ್ಟೆ ಬೆವರಿರುತ್ತದೆ.

ಆದದ್ದು ಇಷ್ಟು. ಹಿಂದಿನ ಭಾನುವಾರ ಬಾವಿಕಟ್ಟೆಯ ಹತ್ತಿರ ಕಾಗೆಗಳ ಗಲಾಟೆ. ಹೋಗಿ ನೋಡಿದರೆ ದಾಸವಾಳದ ಬುಡದಲ್ಲಿ ಒಂದು ದೊಡ್ಡ ಕಂದು ಹಕ್ಕಿ, ಒಂದು ರೆಕ್ಕೆ ಜೋತುಬಿದ್ದಿದೆ. ರೆಕ್ಕೆಗೆ ಬಲೆಯ ನೈಲಾನ್ ಎಳೆ ಸುತ್ತಿಕೊಂಡು, ಅದರ ಇನ್ನೊಂದು ತುದಿ ಗಿಡಕ್ಕೆ ಸಿಕ್ಕಿಬಿದ್ದಿದೆ. ಬೈತಖೋಲ ಬಂದರಿನಲ್ಲಿ ದೋಣಿ ಬರುವ ಹೊತ್ತಿಗೆ ಈ ಹಕ್ಕಿಗಳು ಹೇಗೆ ಮುತ್ತುತ್ತವೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹರಿದ ಬಲೆಯ ತುಂಡಿನಲ್ಲಿ ಒಂದು ಮೀನು ಉಳಿದಿದ್ದರೂ ಸಾಕು, ಮೀನಿನ ಜೊತೆ ಬಲೆಯೂ ಹಾರುತ್ತದೆ.

ತಂತಿಯ ಮೇಲೆ ಮೊದಲು ಕೈಗೆ ಸಿಕ್ಕಿದ ಬಟ್ಟೆ ಎಳೆದು ಹಕ್ಕಿಯ ಮೇಲೆ ಹಾಕಿದೆ. ಅದು ಭಾವ ಗೃಹಪ್ರವೇಶಕ್ಕೆ ಕೊಟ್ಟ ಟರ್ಕಿ ಟವೆಲು, ನೆಂಟರು ಬಂದಾಗ ಮಾತ್ರ ಹೊರಬರುವಂಥದ್ದು, ಎಂಬುದು ಆ ಗಡಿಬಿಡಿಯಲ್ಲಿ ನನ್ನ ತಲೆಗೆ ಹೋಗಲಿಲ್ಲ. ಕೊಕ್ಕಿಗೆ ಹೆದರಿ ಕತ್ತಿನ ಕಡೆಯೇ ಎಚ್ಚರ ವಹಿಸಿದ್ದೆ. ಇವುಗಳ ಆಯುಧವೆಲ್ಲ ಕಾಲಿನಲ್ಲಿದೆ ಎಂದು ಹೆಬ್ಬೆರಳಿಗೆ ಎರಡು ತೂತು ಬಿದ್ದ ಮೇಲೆ ತಿಳಿಯಿತು. ಟಿಟಿ ಇಂಜೆಕ್ಷನ್ನಿನ ನೋವು ಬೇರೆ. ಗಿಡಕ್ಕೆ ಸಿಕ್ಕಿದ ಎಳೆಯನ್ನಷ್ಟೇ ಕತ್ತರಿಸಿ, ರೆಕ್ಕೆಯದ್ದನ್ನು ಎಳೆಯಲು ಹೋಗದೆ, ಅಟ್ಟದ ಮೇಲಿದ್ದ ಗ್ರೈಂಡರಿನ ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಅದರೊಳಗೆ ಇಳಿಸಿದೆ. ಅಷ್ಟು ದೊಡ್ಡ ಹಕ್ಕಿ, ಎತ್ತಿದರೆ ಅರ್ಧ ಕಿಲೋ ಆಚೀಚೆ. ರೆಕ್ಕೆ ಬಿಟ್ಟರೆ ಒಳಗೆ ಏನೂ ಇಲ್ಲವೇನೋ ಅನ್ನಿಸಿತು.

ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಆ ಕಡೆಯವರು ಹೇಳಿದ್ದು ನಾಲ್ಕೇ ಮಾತು. ಕತ್ತಲಲ್ಲಿಡಿ, ತಿನ್ನಲು ಕೊಡಬೇಡಿ, ಬಾಯಿಗೆ ನೀರು ಬಿಡಬೇಡಿ, ತೆರೆದು ತೆರೆದು ನೋಡಬೇಡಿ, ನಮ್ಮವರು ಬರುತ್ತಾರೆ. ಮೊದಲ ಮೂರನ್ನು ಹೇಗೋ ಪಾಲಿಸಿದೆ. ಆಯಿ ತುಳಸಿ ನೀರು ಹಿಡಿದು ಬಂದಾಗ, ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಬಿಟ್ಟರೆ ಪುಪ್ಪುಸಕ್ಕೇ ಹೋದೀತು ಎಂದು ತಡೆದೆ. ನಾಲ್ಕನೆಯದು ನನ್ನ ಕೈಯಲ್ಲಿರಲಿಲ್ಲ. ಯಾಕೆಂದರೆ ನಮ್ಮ ಪಕ್ಕದ ಮನೆಯಲ್ಲಿ ಮಾಸ್ತರರಿದ್ದಾರೆ.

ನಿವೃತ್ತರಾಗಿ ಹತ್ತು ವರ್ಷವಾದರೂ ಮಾಸ್ತರರಿಗೆ ಒಂದು ಚಟ ಬಿಟ್ಟಿಲ್ಲ. ಎಲ್ಲಿ ಮುಚ್ಚಳ ಕಂಡರೂ ಎತ್ತಬೇಕು. ಮೀನಕ್ಕನ ಬುಟ್ಟಿಯ ಮೇಲಿನ ಗೋಣಿ ಎತ್ತುತ್ತಾರೆ, ಕೊಳ್ಳುವುದಿಲ್ಲ. ನಮ್ಮ ಮನೆಗೆ ಪೇಪರ್ ಕೇಳಲು ಬಂದವರು ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ ತೆರೆದು, "ಓ, ತೊರಕೆ" ಎಂದು ಮುಚ್ಚಿ, ಪೇಪರ್ ಮರೆತು ಹೋಗುತ್ತಾರೆ. ಕರೆಂಟಿನ ಮೀಟರ್ ಪೆಟ್ಟಿಗೆ, ನಳದ ಚೇಂಬರು, ನನ್ನ ಸ್ಕೂಟರಿನ ಸೀಟು, ಯಾವುದನ್ನೂ ಬಿಟ್ಟವರಲ್ಲ. ಅವರ ಮಗಳ ಮದುವೆಯಲ್ಲಿ ಬಂದ ಉಡುಗೊರೆಗಳನ್ನೆಲ್ಲ ಧಾರೆಗೆ ಮೊದಲೇ ತೆರೆದು ನೋಡಿದ್ದರಂತೆ.

ಇಂಥವರ ಎದುರು ಒಳಗೆ ಪರಪರ ಸದ್ದು ಬರುವ ಪೆಟ್ಟಿಗೆ.

"ಎಂತದೋ ತಮಾ ಅದು? ನೋಡ್ತೆ ಒಂಚೂರು."

"ಬೇಡ ಮಾಸ್ತರೇ, ಬೆಳಕು ಬಿದ್ರೆ ಹೆದರ್ತದೆ. ಕತ್ತಲಲ್ಲಿ ಇಟ್ರೆ ಸುಮ್ನಿರ್ತದೆ."

"ಹೌದು ಹೌದು, ಕತ್ತಲಲ್ಲೇ ಇಡೂಕೆ ಬೇಕು" ಎಂದರು, ಮುಚ್ಚಳ ಎತ್ತುತ್ತಾ.

ಒಂದು ತಾಸಿನಲ್ಲಿ ಆರು ಸಲ. ಪೆಟ್ಟಿಗೆಯ ಮೇಲೆ ಪಂಚಾಂಗ ಇಟ್ಟೆ, ಅದನ್ನು ತೆಗೆದು ತಿಥಿ ನೋಡಿ ಆಮೇಲೆ ಮುಚ್ಚಳ ಎತ್ತಿದರು. ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ, ಕಿಟಕಿಯಿಂದ "ಚಿಲಕ ಹಾಕ್ಲಿಲ್ಲ ನೀನು" ಎಂದು ತಿಳಿಸಿ ಒಳಗೆ ಬಂದರು. ಪ್ರತಿ ಸಲವೂ ಹೊಸ ತೀರ್ಪು. ಗರುಡ ಅಲ್ಲವೇ ಅಲ್ಲ, ಗರುಡನಿಗೆ ತಲೆ ಬೆಳ್ಳಗಿರಬೇಕು, ಇದು ಹದ್ದು, ಕೋಳಿಮರಿ ಕದಿಯೂ ಹದ್ದು. ಕೋಳಿಮರಿ ಎಂದ ಕೂಡಲೇ ಆಯಿ ತುಳಸಿ ನೀರನ್ನು ತುಳಸಿಗೇ ಚೆಲ್ಲಿ ಒಳಗೆ ಹೋದರು.

ಹದ್ದೋ ಗರುಡವೋ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದೆ. "ಜೈಲಿಗೆ ಹೋಗುವಾಗ ಪಾಣಿಪಂಚೆ ಕೊಡ್ತೆ, ಆ ಟವೆಲು ಇಲ್ಲಿಟ್ಟು ಹೋಗಿ" ಎಂದಳು ಹೆಂಡತಿ.

ಏಳನೇ ಸಲ ಮಾಸ್ತರರು ಯಾರದೋ ಉಪನಯನಕ್ಕೆ ಹೊರಟವರು, ಇಸ್ತ್ರಿ ಮಾಡಿದ ಬಿಳಿ ಜುಬ್ಬದಲ್ಲಿ ಬಂದರು. ಮುಚ್ಚಳ ಎತ್ತಿದರು. ಹಕ್ಕಿ ಈ ಸಲ ರೆಕ್ಕೆ ಕೊಡವಲಿಲ್ಲ, ಬಾಯಿ ತೆರೆದು ಹೆದರಿಸಲೂ ಇಲ್ಲ. ನಿಧಾನ ತಿರುಗಿ, ಬೆನ್ನು ಮಾಡಿ, ಬಾಲ ಸ್ವಲ್ಪ ಎತ್ತಿತು. ಕೋಳಿಯ ಹಾಗೆ ಕಾಲ ಬುಡಕ್ಕೆ ಬಿಡುವ ಜಾತಿಯಲ್ಲ ಇವು, ಗೂಡಿನ ಹೊರಗೆ ಬೀಳುವಂತೆ ದೂರಕ್ಕೆ ಹಾರಿಸುತ್ತವೆ. ಜುಬ್ಬದ ಎರಡನೇ ಗುಂಡಿಯಿಂದ ಕಿಸೆಯವರೆಗೆ, ಸುಣ್ಣದ ಬ್ರಷ್ಷು ಒಂದೇ ಬೀಸಿನಲ್ಲಿ ಎಳೆದ ಹಾಗೆ.

ಅದೇ ಹೊತ್ತಿಗೆ ಅರಣ್ಯ ಇಲಾಖೆಯ ಹುಡುಗ ಬಂದ. ಪೆಟ್ಟಿಗೆಯೊಳಗೆ ಒಂದೇ ಸಲ ಬಗ್ಗಿ ನೋಡಿ, "ಗರುಡನ ಮರಿ ಸರ್" ಎಂದ. ಬಾಲದ ತುದಿ ದುಂಡಗಿದೆ, ಹದ್ದಿನದ್ದಾದರೆ ಕವಲೊಡೆದಿರುತ್ತದೆ. ಮರಿ ಕಂದಾಗೇ ಇರುತ್ತದೆ, ಬಿಳಿ ತಲೆ, ಕೆಂಗಂದು ಮೈ ಬರಲು ಎರಡು ಮೂರು ವರ್ಷ ಬೇಕು.

ಮಾಸ್ತರರು ಜುಬ್ಬ ನೋಡಿಕೊಂಡರು. ಒರೆಸಲು ತೆಗೆದಿದ್ದ ಕರ್ಚೀಫನ್ನು ಮಡಚಿ ಕಿಸೆಗೆ ಹಾಕಿದರು. "ಹಾಂಗಾರೆ ಅಡ್ಡಿಲ್ಲ" ಎಂದು ಅದೇ ಜುಬ್ಬದಲ್ಲಿ ಉಪನಯನಕ್ಕೆ ಹೋದರು. ಆಯಿ ಒಳಗೆ ಬೆಂಕಿಪೊಟ್ಟಣ ಹುಡುಕುತ್ತಿದ್ದರು, ದೀಪ ಹಚ್ಚಲು.

ಟವೆಲಿನ ವಿಷಯ. ಈ ಹಕ್ಕಿಗಳ ಬೆರಳು ಒಮ್ಮೆ ಮುಚ್ಚಿತೆಂದರೆ ಒಳಗಿನ ಸ್ನಾಯುವಿನ ಹುರಿ ಬೀಗ ಬಿದ್ದ ಹಾಗೆ ಕಚ್ಚಿಕೊಳ್ಳುತ್ತದಂತೆ. ಎರಡೂ ಪಂಜದಲ್ಲಿ ಟವೆಲು. ಬಿಡಿಸಲು ಹೋದರೆ ರೆಕ್ಕೆ ಬಡಿದು ಇನ್ನಷ್ಟು ಗಾಯ. "ಇರ್ಲಿ ಬಿಡಿ ಸರ್" ಎಂದ ಹುಡುಗ. ಟವೆಲು ಅವನದ್ದಲ್ಲವಲ್ಲ, ಸುಲಭವಾಗಿ ಹೇಳಿದ.

ಪೆಟ್ಟಿಗೆ ಹೋದ ಸಂಜೆ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದ ಹೆಂಡತಿ ಒಳಗೆ ಬರಲೇ ಇಲ್ಲ. ನೋಡಿದರೆ ತಲೆ ಎತ್ತಿ ನಿಂತಿದ್ದಾಳೆ. ತೆಂಗಿನ ಮರದ ಮೇಲೆ ಎರಡು ದೊಡ್ಡ ಗರುಡ, ಬಿಳಿ ತಲೆಯವು, ಬಾವಿಯ ನೇರಕ್ಕೆ ಸುತ್ತು ಹಾಕುತ್ತಿದ್ದವು. ಕೂಗು ಎಳೆ ಮಗು ರಾಗ ಎಳೆದ ಹಾಗೆ. ಈ ಕೂಗು ದಿನಾ ಇತ್ತೇನೋ, ನಾವು ಕೇಳಿದ್ದು ಅವತ್ತೇ. ಕತ್ತಲಾಗುವವರೆಗೂ ಸುತ್ತಿದವು. ಅವತ್ತು ರಾತ್ರಿ ಅವಳು ಟವೆಲಿನ ಸುದ್ದಿ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಎತ್ತಿದಳು.

ನಿನ್ನೆ ಹುಡುಗನಿಗೆ ಫೋನ್ ಮಾಡಿದೆ. ಎಲುಬು ಮುರಿದಿಲ್ಲ, ಎಳೆ ಬಿಡಿಸಿದ್ದಾರೆ, ಗಾಯ ಮಾಗುತ್ತಿದೆ, ಹಾರುವುದು ತಡವಂತೆ. ಟವೆಲಿನ ಬಗ್ಗೆ ಕೇಳಲು ಬಾಯಿ ಬರಲಿಲ್ಲ.

ಮಾಸ್ತರರು ಸಂಜೆ ಬಂದರು, "ನಮ್ಮ ಗರುಡ ಹ್ಯಾಂಗದೆ?" ಎನ್ನುತ್ತಾ. ಈಗ ಅದು ಅವರದ್ದೂ ಹೌದು. ಬಾವಿಕಟ್ಟೆಯ ಮೇಲೆ ಆಯಿ ತೊಳೆದು ಮುಚ್ಚಿಟ್ಟ ಪಾತ್ರೆಯತ್ತ ಅವರ ಕೈ ತಾನಾಗಿ ಹೋಯಿತು. "ಓ, ಬಂಗಡೆ" ಎನ್ನುವಷ್ಟರಲ್ಲಿ ಮೇಲೆ ಅದೇ ಕೂಗು. ಮಾಸ್ತರರು ತಲೆ ಎತ್ತಿ, ಗಡಿಬಿಡಿಯಲ್ಲಿ, ಮುಚ್ಚಳ ಸಮೇತ ಕೈ ಮುಗಿದರು.