ಕಾಫಿಪುಡಿ ಹೊತ್ತು ತರೋದು ಬಿಟ್ಟೆ

ಆರು ವರ್ಷ ನಾನು ಹಾಸನದಿಂದ ಬರ್ಲಿನ್‌ಗೆ ಬರಿಗೈಲಿ ಹೊರಟಿದ್ದೇ ಇಲ್ಲ. ಪ್ರತಿ ಸಲ ಸೂಟ್‌ಕೇಸಿನಲ್ಲಿ 2 ಕೆಜಿ ಕಾಫಿಪುಡಿ. ಕವರಿನ ಮೇಲೆ ಕವರು, ಅದರ ಮೇಲೆ ಅಮ್ಮನ ಹಳೇ ಟವೆಲ್ಲು. ಇಷ್ಟು ಸುತ್ತಿದರೂ ಇಲ್ಲಿ ಬಂದು ತೆಗೆದರೆ ಷರ್ಟುಗಳೆಲ್ಲ ಘಮ್ ಅನ್ನುತ್ತಿದ್ದವು. ಆಗ ಖುಷಿಯಾಗುತ್ತಿತ್ತು. ಈಗ ನಗು ಬರುತ್ತದೆ. ಷರ್ಟಿಗೆ ಹತ್ತಿದ್ದು ಪುಡಿಯಿಂದ ಹೋದ ಘಮ ತಾನೇ?

ಮೊದಲ ಹತ್ತು ದಿನ ಕಾಫಿ ಚೆನ್ನಾಗಿರುತ್ತಿತ್ತು. ಎರಡನೇ ತಿಂಗಳಿಗೆ ಬರೀ ಕಹಿ, ಬಣ್ಣ. ನಾನು ಒಂದು ಚಮಚ ಪುಡಿ ಜಾಸ್ತಿ ಹಾಕುತ್ತಿದ್ದೆ. ಇಲ್ಲಿನ ಹಾಲು ಸರಿ ಇಲ್ಲ, ನೀರು ಸರಿ ಇಲ್ಲ ಅಂತ ಬೈಯುತ್ತಿದ್ದೆ. ಬರ್ಲಿನ್ ನೀರು ಗಡಸು, ಅದು ನಿಜ. ಕೆಟಲ್ ತಳದಲ್ಲಿ ಬಿಳಿ ಪದರ ಕೂರುತ್ತದೆ. ಆದರೆ ಅದೇ ನೀರಲ್ಲಿ ಮೊದಲ ವಾರ ಕಾಫಿ ಚೆನ್ನಾಗಿತ್ತಲ್ಲ? ಪುಡಿಯನ್ನು ಅನುಮಾನಿಸಲು ಮನಸ್ಸು ಬರಲಿಲ್ಲ, ಅಷ್ಟೇ. ಊರಿಂದ ಬಂದದ್ದು ಹಳಸುತ್ತದೆ ಅಂತ ಒಪ್ಪಿಕೊಳ್ಳುವುದು ಕಷ್ಟ.

ವಿಷಯ ಸರಳ. ಹಸಿರು ಕಾಫಿ ಬೀಜ ತಿಂಗಳುಗಟ್ಟಲೆ ತಡೆಯುತ್ತದೆ. ಮೂಟೆಯಲ್ಲಿ, ಹಡಗಲ್ಲಿ, ಗೋಡೌನಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಹುರಿದ ಮೇಲೆ ಅದಕ್ಕೆ ವಾರಗಳ ಲೆಕ್ಕ ಶುರು. ಪುಡಿ ಮಾಡಿದರಂತೂ ಘಮ ಗಂಟೆಗಳಲ್ಲೇ ಹಾರಲು ಶುರುವಾಗುತ್ತದೆ. ಫಿಲ್ಟರ್ ಮಾಡುವವರಿಗೆ ಇದನ್ನು ನೋಡಲು ಯಂತ್ರ ಬೇಡ. ಹೊಸದಾಗಿ ಹುರಿದ ಪುಡಿಯ ಮೇಲೆ ಬಿಸಿನೀರು ಹೊಯ್ದರೆ ಬುಸ್ಸನೆ ಉಬ್ಬಿ ಗುಳ್ಳೆ ಬರುತ್ತದೆ. ಹುರಿಯುವಾಗ ಬೀಜದೊಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬರುವ ರೀತಿ ಅದು. ಹಳೇ ಪುಡಿ ಕೆಸರಿನ ಥರ ಮಲಗಿರುತ್ತದೆ.

ಅಂದರೆ ದೂರ ಹೋಗಬೇಕಾದ್ದು ಹಸಿರು ಬೀಜ. ಹುರಿಯುವ ಬಾಣಲೆ ನಾವಿರುವ ಕಡೆಯೇ ಇರಬೇಕು. ನಾನು ಮಾಡುತ್ತಿದ್ದದ್ದು ಸರಿಯಾಗಿ ಇದರ ಉಲ್ಟಾ.

ಹಾಸನದಲ್ಲಿ ನಮ್ಮ ಮನೆಗೆ ಪುಡಿ ಬರುತ್ತಿದ್ದ ಅಂಗಡಿಗೆ ಹೋಗಲು ಬೋರ್ಡು ಓದಬೇಕಿಲ್ಲ, ಮೂಗೇ ಕರೆದುಕೊಂಡು ಹೋಗುತ್ತದೆ. ಚಿಕ್ಕವನಿದ್ದಾಗ ಶನಿವಾರ ನನ್ನನ್ನೇ ಕಳಿಸುತ್ತಿದ್ದರು. ಹೇಳಬೇಕಾದ್ದು ಬಾಯಿಪಾಠ: ಕಾಲು ಕೆಜಿ, ಪ್ಲಾಂಟೇಷನ್ ಅರ್ಧ, ಪೀಬೆರಿ ಅರ್ಧ, ಚಿಕೋರಿ ಇಪ್ಪತ್ತು. ಮೊದಲೆರಡು ಬೀಜದ ಬಗೆಗಳು, ಚಿಕೋರಿ ನೂರಕ್ಕೆ ಇಷ್ಟು ಅಂತ ಬೆರೆಸುವ ಬೇರಿನ ಪುಡಿ. ಅಂಗಡಿಯವರು ಬೀಜ ತೂಗಿ ಮಿಷನ್ನಿನ ಬಾಯಿಗೆ ಸುರಿದು, ಪುಡಿ ಬೀಳುವ ಕೊಳವೆಗೆ ಮರದ ತುಂಡಿನಿಂದ ಎರಡೇಟು ಹಾಕುತ್ತಿದ್ದರು. ಅಂಟಿಕೊಂಡ ಪುಡಿಯೂ ಗಿರಾಕಿಗೇ ಸೇರಬೇಕಲ್ಲ. ಕವರು ಕೈಗೆ ಬಂದಾಗ ಬಿಸಿ ಇರುತ್ತಿತ್ತು. ಚಳಿಗಾಲದಲ್ಲಿ ಅದನ್ನು ಸ್ವೆಟರ್ ಒಳಗೆ ಇಟ್ಟುಕೊಂಡು ಸೈಕಲ್ ಹೊಡೆದದ್ದು ನೆನಪಿದೆ.

ಆ ಕವರಿನ ಮೇಲೆ ಯಾವ ತಾರೀಕೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಾಲು ಕೆಜಿ ಮುಂದಿನ ಶನಿವಾರಕ್ಕೆ ಮುಗಿಯುತ್ತಿತ್ತು.

ಬರ್ಲಿನ್‌ನ ಸೂಪರ್ ಮಾರ್ಕೆಟ್ಟಿನಲ್ಲಿ ಕಾಫಿ ಇಟ್ಟಿಗೆ ಥರ ಸಿಗುತ್ತದೆ. ಅರ್ಧ ಕೆಜಿ ಪುಡಿ, ಗಾಳಿ ತೆಗೆದು ಗಟ್ಟಿಯಾಗಿ ಒತ್ತಿದ ಪೊಟ್ಟಣ. ಮೇಲೆ ಇಂಥ ದಿನದೊಳಗೆ ಬಳಸಿ ಅಂತ ಬರೆದಿರುತ್ತದೆ. ನೋಡಿದರೆ ಆ ದಿನ ಬಹಳ ದೂರ. ಹುರಿದದ್ದು ಯಾವತ್ತು? ಅದು ಇರುವುದಿಲ್ಲ. ಅದನ್ನು ನೋಡಬೇಕೆಂದರೆ ಓಣಿ ಓಣಿಯಲ್ಲಿರುವ ಸಣ್ಣ ರೋಸ್ಟರಿಗೆ, ಅಂದರೆ ಕಾಫಿ ಹುರಿದು ಮಾರುವ ಅಂಗಡಿಗೆ, ಹೋಗಬೇಕು. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದಿದೆ. ಎಷ್ಟೋ ಸಲ ಅದರ ಮುಂದೆಯೇ ಓಡಾಡಿದ್ದೆ, ಒಳಗೆ ಹೋಗಿರಲಿಲ್ಲ. ಮನೆಯಲ್ಲಿ ಊರಿನ ಪುಡಿ ಇತ್ತಲ್ಲ!

ಒಂದು ಶನಿವಾರ ಸಂಜೆ ಪುಡಿ ಖಾಲಿ. ಭಾನುವಾರ ಇಲ್ಲಿ ಅಂಗಡಿಗಳಿಗೆ ಬಾಗಿಲು. ಆ ರೋಸ್ಟರಿಗೆ ಓಡಿದೆ. ಪ್ರತಿ ಚೀಲದ ಹಿಂದೆ ಹುರಿದ ದಿನದ ಮೊಹರು ಇತ್ತು. ಯಾವುದಕ್ಕೆ ಪುಡಿ ಮಾಡಲಿ ಅಂತ ಕೇಳಿದರು. ಫಿಲ್ಟರಿಗೆ ಅಂದೆ.

ಅಲ್ಲೇ ಎಡವಟ್ಟಾಯಿತು. ಜರ್ಮನಿಯಲ್ಲಿ ಫಿಲ್ಟರ್ ಅಂದರೆ ಕಾಗದದ್ದು. ಅದನ್ನು ಕಂಡುಹಿಡಿದದ್ದೇ ಈ ದೇಶದ ಒಬ್ಬ ಗೃಹಿಣಿ, ಡ್ರೆಸ್ಡೆನ್‌ನ ಮೆಲಿಟಾ ಬೆಂಟ್ಸ್, 1908ರಲ್ಲಿ. ಆ ಲೆಕ್ಕಕ್ಕೆ ಪುಡಿ ನಮ್ಮ ಸಣ್ಣ ರವೆಗಿಂತ ದಪ್ಪ. ನನ್ನ ಸ್ಟೀಲ್ ಫಿಲ್ಟರಿಗೆ ಹಾಕಿದರೆ ಎರಡು ನಿಮಿಷಕ್ಕೆ ಎಲ್ಲ ಇಳಿದು ಕೂತಿತು. ಡಿಕಾಕ್ಷನ್ ಅಲ್ಲ ಅದು, ಕಾಫಿ ತೊಳೆದ ನೀರು.

ಸೋಮವಾರ ಫಿಲ್ಟರನ್ನೇ ಬ್ಯಾಗಿಗೆ ಹಾಕಿಕೊಂಡು ಹೋದೆ. ಹುರಿಯುವಾತ ಮೇಲಿನ ಪಾತ್ರೆಯನ್ನು ದೀಪಕ್ಕೆ ಹಿಡಿದು ತೂತುಗಳನ್ನು ಒಂದು ಕಣ್ಣು ಮುಚ್ಚಿ ನೋಡಿದ. ಒತ್ತುವ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿದ. ಎಷ್ಟು ಹೊತ್ತು ಇಳಿಯಬೇಕು ಅಂದ. ಇಪ್ಪತ್ತು ನಿಮಿಷ, ಕೆಲವರ ಮನೆಯಲ್ಲಿ ರಾತ್ರಿಯೆಲ್ಲ, ಅಂದೆ. ಹುಬ್ಬು ಮೇಲೇರಿತು. ಆಮೇಲೆ ಮಿಷನ್ನನ್ನು ಎಸ್ಪ್ರೆಸೊಗಿಂತ ಒಂದು ಗೀಟು ದಪ್ಪಕ್ಕೆ ತಿರುಗಿಸಿ ಚೂರು ಪುಡಿ ನನ್ನ ಅಂಗೈಗೆ ಹಾಕಿದ. ಎರಡು ಬೆರಳಲ್ಲಿ ಉಜ್ಜಿ ನೋಡಿದೆ. ಹಾಸನದ್ದೇ.

ಇನ್ನು ಹುರಿಯುವ ಹದ. ಇದರಲ್ಲಿ ನಮಗೂ ಇವರಿಗೂ ಇನ್ನೂ ಜಗಳವಿದೆ. ಇಲ್ಲಿನ ಹೊಸ ರೋಸ್ಟರಿಗಳಿಗೆ ತಿಳಿಯಾಗಿ ಹುರಿದದ್ದೇ ಇಷ್ಟ. ಒಗ್ಗರಣೆಯ ಸಾಸಿವೆ ಥರ ಬೀಜ ಚಟಪಟ ಅಂದ ಸ್ವಲ್ಪ ಹೊತ್ತಿಗೇ ಇಳಿಸಿಬಿಡುತ್ತಾರೆ. ಚೀಲದ ಮೇಲೆ ನಿಂಬೆ, ಮಲ್ಲಿಗೆ ಅಂತೆಲ್ಲ ಬರೆದಿರುತ್ತದೆ. ಕಪ್ಪು ಕಾಫಿಗೆ ಅದು ಸರಿಯೇ. ಆದರೆ ಹಾಲು ಹಾಕಿದರೆ ಆ ಹುಳಿ ಎದ್ದು ಕೂರುತ್ತದೆ. ಅಮ್ಮ ಕುಡಿದಿದ್ದರೆ ಹಾಲು ಒಡೆದಿದೆಯಾ ಅಂತ ಕೇಳುತ್ತಿದ್ದರು. ನಮಗೆ ಇನ್ನೊಂದೆರಡು ಹೆಜ್ಜೆ ಮುಂದೆ ಹುರಿದದ್ದು ಬೇಕು. ಎಸ್ಪ್ರೆಸೊಗೆ ಅಂತ ಇಟ್ಟ ಚೀಲ ಕೇಳಿ, ಅದು ಹತ್ತಿರ ಬರುತ್ತದೆ.

ಅಲ್ಲಿ ಹುಡುಕುವಾಗ ನಮ್ಮದೇ ಬೀಜವೂ ಕಣ್ಣಿಗೆ ಬಿತ್ತು. ಮಾನ್ಸೂನ್ಡ್ ಮಲಬಾರ್. ಪಶ್ಚಿಮ ಕರಾವಳಿಯ ಗೋಡೌನುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೀಜ ಹರಡುತ್ತಾರೆ. ಅದು ಉಬ್ಬಿ ತಿಳಿ ಹಳದಿಯಾಗುತ್ತದೆ, ಹುಳಿ ಕಳೆದುಕೊಳ್ಳುತ್ತದೆ. ಹಿಂದೆ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಬರುವಾಗ ಬೀಜಕ್ಕೆ ತಾನಾಗಿ ಆಗುತ್ತಿದ್ದದ್ದು ಇದೇ. ಯುರೋಪಿನವರಿಗೆ ಆ ರುಚಿ ಹಿಡಿಸಿತ್ತು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುವುದು. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಚಿಕ್ಕಮಗಳೂರು, ಕೊಡಗಿನ ಬೀಜ ನಾನು ಬರುವ ಮುಂಚಿನಿಂದಲೂ ಇಲ್ಲಿಗೆ ಬರುತ್ತಲೇ ಇತ್ತು. ಅದರ ಹಿಂದೆ ನಾನು ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದೆ.

ಅಗ್ಗವಂತೂ ಅಲ್ಲ. ಕಾಲು ಕೆಜಿಗೆ 10 ಯೂರೋ ಆಸುಪಾಸು. ಹುರಿದ ಕಾಫಿಗೆ ಕೆಜಿಗೆ 2.19 ಯೂರೋ ಕಾಫಿ ತೆರಿಗೆ ಬೇರೆ. ಹೌದು, ಈ ದೇಶದಲ್ಲಿ ಕಾಫಿಗೆ ಅಂತಲೇ ಒಂದು ತೆರಿಗೆ ಇದೆ.

ಆ ಖರ್ಚು ಉಳಿಸಲು ಹಸಿರು ಬೀಜ ತಂದು ಮನೆಯಲ್ಲೇ ಹುರಿಯಲು ನೋಡಿದೆ. ಅಜ್ಜಿ ಕೆಂಡದ ಮೇಲೆ ತಿರುಗಿಸುವ ಡಬ್ಬದಲ್ಲಿ ಹುರಿಯುತ್ತಿದ್ದರು, ನನಗೇನು ಕಷ್ಟ ಅಂದುಕೊಂಡೆ. ಬಾಣಲೆಯಿಂದ ಹೊಗೆ ಎದ್ದಿದ್ದೇ ತಡ, ಸೂರಿನ ಅಲಾರಂ ಕಿರುಚಿತು. ಕೆಳಮನೆಯ ಅಜ್ಜಿ ಬಂದು ಬಾಗಿಲು ಬಡಿದರು. ವಿಷಯ ಕೇಳಿ ನಕ್ಕು ಒಂದು ಕಥೆ ಹೇಳಿದರು. 1781ರಲ್ಲಿ ಬರ್ಲಿನ್ ಆಳುತ್ತಿದ್ದ ಪ್ರಷ್ಯಾ ರಾಜ್ಯದ ದೊರೆ ಎರಡನೇ ಫ್ರೆಡರಿಕ್ ಜನಸಾಮಾನ್ಯರು ಮನೆಯಲ್ಲಿ ಕಾಫಿ ಹುರಿಯಬಾರದು ಅಂತ ಮಾಡಿದ್ದನಂತೆ. ಕದ್ದು ಹುರಿಯುವವರನ್ನು ಹಿಡಿಯಲು ನಿವೃತ್ತ ಸೈನಿಕರನ್ನು ಬೀದಿ ಬೀದಿಗೆ ಬಿಟ್ಟಿದ್ದ. ಅವರ ಕೆಲಸ ಮೂಸುವುದು! ಆಮೇಲೆ ಹುಡುಕಿ ಓದಿದೆ, ಕಥೆ ನಿಜ.

ಕಾಫಿ ಕೈಗೆಟುಕದ ಆ ಕಾಲದಲ್ಲೇ ಇಲ್ಲಿನವರು ಚಿಕೋರಿ ಬೇರು ಹುರಿದು ಕುಡಿಯುವುದು ಹೆಚ್ಚಾಯಿತು. ಅದು ಇಂದಿಗೂ ಸಾವಯವ ಅಂಗಡಿಗಳಲ್ಲಿ ಸಿಗುತ್ತದೆ. ರೋಸ್ಟರಿಯವನ ಮುಂದೆ ಚಿಕೋರಿ ಅಂದರೆ ಬಡತನದ ನೆನಪು ಅಂತ ಮುಖ ಸಿಂಡರಿಸುತ್ತಾನೆ. ನಾನು ಡಬ್ಬಿ ತಂದು ಮನೆಯಲ್ಲಿ ನೂರಕ್ಕೆ ಹದಿನೈದು ಬೆರೆಸುತ್ತೇನೆ. ಅವನಿಗೆ ಹೇಳಿಲ್ಲ.

ಬೇಜಾರಿನ ವಿಷಯ ಇನ್ನೊಂದಿದೆ. ಇಲ್ಲಿಯವರು ಚೀಲದ ಮೇಲೆ ತಾರೀಕು ಹಾಕಲು ಕಲಿತರು, ನಾವು ಶನಿವಾರದ ಕಾಲು ಕೆಜಿ ಬಿಟ್ಟೆವು. ಬೆಂಗಳೂರಿನ ನಮ್ಮಕ್ಕ ಫೋನಿನಲ್ಲಿ ಒಂದು ಕೆಜಿ ಪ್ಯಾಕೆಟ್ ತರಿಸುತ್ತಾಳೆ. ತಿರುಗಿಸಿ ನೋಡಿದರೆ ಚಿಕೋರಿ ಎಷ್ಟು ಅಂತ ಇದೆ. ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಅಂತ ಕಾನೂನೂ ಇದೆ. ಹುರಿದ ದಿನ ಮಾತ್ರ ಇಲ್ಲ. ಅವಳ ಮನೆಯಿಂದ ಎರಡೇ ಬೀದಿ ಆಚೆ ಕಾಫಿ ವರ್ಕ್ಸ್ ಇದೆ, ಮಿಷನ್ ತಿರುಗುತ್ತಲೇ ಇದೆ. ಪಾರ್ಕಿಂಗ್ ಇಲ್ಲವಂತೆ.

ಹೋದ ಸಲ ಹಾಸನದ ಅಂಗಡಿಯಲ್ಲಿ ಬರ್ಲಿನ್ ಚಟಕ್ಕೆ ಕೇಳಿಯೇಬಿಟ್ಟೆ, ಇದು ಹುರಿದಿದ್ದು ಯಾವತ್ತು ಅಂತ. ಅವರು ಕನ್ನಡಕದ ಮೇಲಿಂದ ನೋಡಿದರು. ಬೀಜದ ಡಬ್ಬ ನನ್ನ ಕಡೆ ತಳ್ಳಿ, 'ಕೈ ಇಡಿ' ಅಂದರು. ಬೆಚ್ಚಗಿತ್ತು.

ಅಮ್ಮ ಈ ಸಲವೂ 2 ಕೆಜಿ ಕಟ್ಟಿಸಿದ್ದರು. ಬೇಡ ಅಂದಿದ್ದಕ್ಕೆ ಮುಖ ಸಣ್ಣಗಾಯಿತು. ಕೊನೆಗೆ ಕಾಲು ಕೆಜಿಗೆ ರಾಜಿಯಾಯಿತು, ಮೊದಲ ಹತ್ತು ದಿನಕ್ಕೆ. ಉಳಿದ ಜಾಗಕ್ಕೆ ಸಾರಿನ ಪುಡಿ ಬಂತು. ಅದಕ್ಕೆ ಇಲ್ಲಿ ಇನ್ನೂ ಅಂಗಡಿ ಸಿಕ್ಕಿಲ್ಲ.