ವೆಂಟಿಲೇಟರ್ ಹಣೆಗೂ ಕುಂಕುಮ

ಆಯುಧ ಪೂಜೆ ಮುಗಿದು ವಾರವಾಯಿತು. ನಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಣೆಯ ಕುಂಕುಮ ಇನ್ನೂ ಮಾಸಿಲ್ಲ. ಬಿಪಿ ಮೆಷಿನ್‌ಗೆ ಚೆಂಡುಹೂವು. ಆಂಬುಲೆನ್ಸ್‌ಗೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಎಮರ್ಜೆನ್ಸಿ ಬಾಗಿಲಲ್ಲೇ ಬೂದುಗುಂಬಳ ಒಡೆದಿದ್ದರು. ನೆಲವೆಲ್ಲ ಕೆಂಪು. ಕಾಲು ಉಳುಕಿಸಿಕೊಂಡು ಬಂದ ಅಜ್ಜಿಯೊಬ್ಬರು 'ಅಯ್ಯೋ, ಇಲ್ಲಿ ಕೊಲೆ ಆಗಿದೆಯಲ್ಲಪ್ಪಾ' ಎಂದು ಆಟೊ ವಾಪಸ್ ತಿರುಗಿಸಿದರು. ದೃಷ್ಟಿ ತೆಗೆಯುವುದೆಂದರೆ ಹೀಗಿರಬೇಕು.

ಪೂಜೆಗೆ ನನ್ನ ತಕರಾರಿಲ್ಲ. ಕತ್ತರಿ ಹಿಡಿದು ಬದುಕುವವರು ವರ್ಷಕ್ಕೊಮ್ಮೆ ಕತ್ತರಿಗೆ ಕೈಮುಗಿದರೆ ಯಾರ ಗಂಟೇನು ಹೋಗುತ್ತದೆ? ರಾತ್ರಿ ಪಾಳಿಯಲ್ಲಿ 'ಇವತ್ತು ರಶ್ ಇಲ್ಲ ಅಲ್ವಾ' ಎಂದ ನರ್ಸ್‌ನ ಬಾಯಿಯನ್ನು ಜೊತೆಯವರು ಮುಚ್ಚಿಸುತ್ತಾರೆ. ಹಾಗೆಂದರೆ ಹತ್ತು ನಿಮಿಷಕ್ಕೆ ಮೂರು ಆಕ್ಸಿಡೆಂಟ್ ಕೇಸ್ ಬರುತ್ತವಂತೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಈ ನಂಬಿಕೆ ಇದೆ. ಇದೊಂದರಲ್ಲಾದರೂ ನಾವು ಜಾಗತಿಕ ಗುಣಮಟ್ಟ ಮುಟ್ಟಿದ್ದೇವೆ.

ಆದರೆ ಆಸ್ಪತ್ರೆಯ ದೇವರ ಪಟಕ್ಕೆ ದಿನಾ ಹೊಸ ಹೂವು, ಅದರ ಕೆಳಗಿನ ಸ್ಯಾನಿಟೈಸರ್ ಬಾಟಲಿ ಒತ್ತಿದರೆ ಬರೀ ಗಾಳಿ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು, ಬಾಣಂತಿಯರನ್ನು ಮುಟ್ಟುವ ಮುಂಚೆ ಕ್ಲೋರಿನ್ ನೀರಲ್ಲಿ ಕೈ ತೊಳೆಯಿರಪ್ಪಾ ಎಂದು ದುಂಬಾಲು ಬಿದ್ದ. ಸಾವು ಕಡಿಮೆಯಾಯಿತು. ದೊಡ್ಡ ಡಾಕ್ಟರುಗಳಿಗೆ ಮಾತ್ರ ಸಿಟ್ಟು ಬಂತು. ಪಾಪ, ಅವನಿಗೆ ಉಪಾಯ ಗೊತ್ತಿರಲಿಲ್ಲ. ಅದನ್ನು ತೀರ್ಥ ಅಂದುಬಿಟ್ಟಿದ್ದರೆ ಸಾಲಾಗಿ ನಿಂತು ಕೈಯೊಡ್ಡುತ್ತಿದ್ದರು, ಮಿಕ್ಕಿದ್ದನ್ನು ತಲೆಗೂ ಸವರಿಕೊಳ್ಳುತ್ತಿದ್ದರು.

ಇನ್ನು ಮುಹೂರ್ತದ ಸಿಸೇರಿಯನ್. ಮೊದಲು ಮನೆಯವರು ಪಂಚಾಂಗ ತರುತ್ತಿದ್ದರು, ಡಾಕ್ಟರು ಬೈಯುತ್ತಿದ್ದರು. ಈಗ ಪಂಚಾಂಗ ಡಾಕ್ಟರ ಮೊಬೈಲಲ್ಲೇ ಇದೆ. 'ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಬೇಡಮ್ಮಾ' ಎಂದು ಅವರೇ ಹೇಳುತ್ತಾರೆ. ಅಮಾವಾಸ್ಯೆಯ ದಿನ ಆಪರೇಷನ್ ಥಿಯೇಟರ್‌ನಲ್ಲಿ ಸೊಳ್ಳೆಯೂ ಇರುವುದಿಲ್ಲ. ಅಪೆಂಡಿಕ್ಸ್‌ಗೆ ಮಾತ್ರ ಇನ್ನೂ ಪಂಚಾಂಗ ಓದಲು ಬಂದಿಲ್ಲ.

ನಮ್ಮ ಪರಿಚಯದ ಹುಡುಗಿಯೊಬ್ಬಳಿಗೆ 36 ವಾರಕ್ಕೇ ಹೊಟ್ಟೆ ಕೊಯ್ದರು. ತೊಂದರೆ ಏನೂ ಇರಲಿಲ್ಲ, ನಕ್ಷತ್ರ ಚೆನ್ನಾಗಿತ್ತು ಅಷ್ಟೆ. ಮಗು ಉಸಿರಿಗೆ ಒದ್ದಾಡಿ ಐದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಕಾರಣವಿಲ್ಲದೆ 39 ವಾರಕ್ಕಿಂತ ಮೊದಲು ಕೊಯ್ದರೆ ಮಗುವಿಗೆ ಉಸಿರಾಟದ ತೊಂದರೆ ಜಾಸ್ತಿ ಎಂದು ಓದಿ ಪಾಸಾದವರೇ ಅಲ್ವಾ ಇವರು? ಮನೆಯವರಿಗೆ ಗೊತ್ತಿರಲಿಲ್ಲ, ಸರಿ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಯ್ದರು. ಇದರಲ್ಲಿ ನಗುವಂಥದ್ದು ನನಗೇನೂ ಕಾಣುತ್ತಿಲ್ಲ.

ಬಿಲ್ ಬಂತು. ಮಂಗಳವಾರ ಕೈಯಿಂದ ದುಡ್ಡು ಕೊಡಬಾರದು, ನಾಳೆ ಕಟ್ಟುತ್ತೇನೆ ಎಂದು ಹುಡುಗಿಯ ಅಪ್ಪ ಕೇಳಿ ನೋಡಿದರು.

'ಅದೆಲ್ಲ ನಾವು ನಂಬಲ್ಲ ಸಾರ್' ಅಂದರು ಕೌಂಟರ್‌ನವರು.